ತಪ್ಪು ಜಾಗದ ಪೂರ್ಣವಿರಾಮ

“ಊದು ಪುಟ್ಟಿ, ಊದು, ಊದು! ಅಜ್ಜಿ, ನೀವ್ಯಾಕೆ ಊದ್ತೀರಿ, ಅವಳು ಊದ್ಲಿ!” ಎಂದಳು ಉಸಿರು ಅಳೆಯುವ ನರ್ಸಕ್ಕ. ಅಜ್ಜಿ ಉಬ್ಬಿದ ಕೆನ್ನೆಯನ್ನು ಸೆರಗಿನಿಂದ ಮುಚ್ಚಿಕೊಂಡಳು. ಈ ಸಲವೂ ಪರದೆಯ ಮೇಲಿನ ಗೆರೆ ಮುಂದೆ ಸಾಗದಿದ್ದರೆ ಮೊಮ್ಮಗಳಿಗೆ ಕೊಡುತ್ತಿರುವ ಔಷಧಿ ನಿಲ್ಲುತ್ತದೆ. ಬೇರೆ ಔಷಧಿ ಇಲ್ಲ.

“ಮೈಯೊಳಗಿನ ಬರಹದ ನಡುವೆ ತಪ್ಪಾಗಿ ಒಂದು ಪೂರ್ಣವಿರಾಮ ಬಿದ್ದಿದೆ ಅಜ್ಜಿ,” ಎಂದು ಡಾಕ್ಟರು ಮೊದಲೇ ಬಿಡಿಸಿ ಹೇಳಿದ್ದರು. “ಅಲ್ಲಿಗೇ ಓದು ನಿಂತು, ಶ್ವಾಸಕೋಶಕ್ಕೆ ಬೇಕಾದ ಪ್ರೋಟೀನು ಅರ್ಧಕ್ಕೇ ಉಳಿಯುತ್ತೆ. ಈ ಔಷಧಿಯಲ್ಲಿ ನಾವು ತಿದ್ದಿ ಕೊಡೋ ಟಿಆರ್‌ಎನ್‌ಎ, ಅಂದ್ರೆ ಆ ಬರಹ ಓದಿ ಪ್ರೋಟೀನು ಕಟ್ಟಿಸೋ ಕಣ, ಆ ಚುಕ್ಕೆ ದಾಟಿ ಓದಿಸ್ಬೇಕು.”

“ದಾಟಿಸುತ್ತಾ ಸ್ವಾಮಿ?” ಎಂದು ಕೇಳಿದ್ದಕ್ಕೆ ಅವರು, “ಊದಿಸಿ ನೋಡೋಣ,” ಎಂದಿದ್ದರು.

ಈಗ, ಪುಟ್ಟಿಯ ಉಸಿರು ಪ್ರತಿ ಸಲವೂ ಕಡಿದು ಕೆಮ್ಮಾಗುತ್ತಿದ್ದ ಜಾಗಕ್ಕೆ ಗೆರೆ ಬಂತು. ಮಗು ಒದ್ದಾಡುವುದನ್ನು ನೋಡಲಾರದೆ ನರ್ಸಕ್ಕ ರೂಢಿಯಂತೆ, “ಸಾಕು ಚಿನ್ನ, ನಿಲ್ಸು,” ಎಂದುಬಿಟ್ಟಳು. ಅಜ್ಜಿ ಕಣ್ಣು ಮುಚ್ಚಿದಳು. ಕೆಮ್ಮು ಕೇಳಿಸಲಿಲ್ಲ.

ಕಣ್ಣು ತೆರೆದರೆ, ಪುಟ್ಟಿ ಕೊಳವೆಯನ್ನು ಕಚ್ಚಿ ಹಿಡಿದು, ಸುಮ್ಮನಿರಿ ಎಂಬಂತೆ ನರ್ಸಕ್ಕನಿಗೆ ಕೈ ಅಡ್ಡ ಮಾಡಿ, ಇನ್ನೂ ಊದುತ್ತಲೇ ಇದ್ದಳು.