ಸೂತಕದ ಮನೆ

ವೋಟು ಕೇಳಲು ಬಂದ ಸಾವಿರ ಜನರನ್ನು ಬಾಗಿಲಿಂದಲೇ ಓಡಿಸಿದೆ ಎಂದು ಪುಟ್ಟನಂಜಮ್ಮ ಕೊಚ್ಚಿಕೊಳ್ಳುತ್ತಿದ್ದಳು. ಅರ್ಧ ಸುಳ್ಳು ಎಂದು ತಾನೇ ನಗುತ್ತಲೂ ಇದ್ದಳು. ಎರಡು ತಿಂಗಳಿಂದ ಮೈಕು ಕೇಳಿ ಕೇಳಿ ಅವಳ ಕಿವಿ ತಮಟೆಯಾಗಿತ್ತು. ಗೆದ್ದವರು ಯಾರೂ ಮತ್ತೆ ಆ ಬೀದಿಗೆ ಕಾಲಿಟ್ಟವರಲ್ಲ. ಸೂತಕದ ಮನೆಯಲ್ಲಿ ಯಾರೂ ವೋಟು ಕೇಳುವುದಿಲ್ಲವಲ್ಲ, ಹಾಗಾಗಿ ಬಂದವರಿಗೆಲ್ಲ ಒಂದೊಂದು ಸಾವು ಹೇಳುತ್ತಿದ್ದಳು: ಇಲ್ಲದ ಮೈದುನ, ಇಲ್ಲದ ನಾದಿನಿ. ಅವರು ಹೋದ ಮೇಲೆ ದೇವರ ಪಟದೆದುರು ಕೆನ್ನೆ ಬಡಿದುಕೊಂಡು ತಪ್ಪಾಯಿತು ಎನ್ನುತ್ತಿದ್ದಳು.

ಪ್ರಚಾರದ ಕೊನೆಯ ದಿನ ಮತ್ತೆ ಬಾಗಿಲು ಬಡಿದರು. ಸಾಯಿಸಲು ನೆಂಟರೇ ಉಳಿದಿರಲಿಲ್ಲ.

"ಸೂತಕ ಕಣಪ್ಪಾ," ಎಂದಳು ಒಳಗಿನಿಂದಲೇ.

"ಅಯ್ಯೋ, ಯಾರಮ್ಮ ಹೋದ್ರು?"

"ನನ್ ಸೊಸೆ. ಚಿನ್ನದಂಥೋಳು, ದಿನಾ ನನ್ ಕಾಲಿಗೆ ಎಣ್ಣೆ ತಿಕ್ತಿದ್ಲು."

ಹೇಳುತ್ತಲೇ ನಾಲಿಗೆ ಕಚ್ಚಿಕೊಂಡಳು. ಬದುಕಿರುವವಳನ್ನು, ಅದೂ ಅನ್ನ ಹಾಕುವವಳನ್ನು ಸಾಯಿಸಿಬಿಟ್ಟಿದ್ದಳು.

ಹೊರಗಿನಿಂದ ಒಂದು ಹೆಣ್ಣುದನಿ ಕೇಳಿಸಿತು.

"ನಾನಿನ್ನೂ ಸತ್ತಿಲ್ಲ ಅತ್ತೆ, ಬಾಗಿಲು ತೆಗೀರಿ. ನೀವು ಬಿಂದಿಗೆ ಹೊರೋದು ತಪ್ಪಲಿ, ಮನೆ ಮುಂದೆ ಒಂದು ನಲ್ಲಿ ಹಾಕಿಸ್ಲಿ ಅಂತ ಇವರನ್ನ ನಾನೇ ಕರ್ಕೊಂಡ್ ಬಂದೆ."

ಚಿಲಕ ತೆಗೆದ ಪುಟ್ಟನಂಜಮ್ಮ ಸೊಸೆಯ ಮುಖ ನೋಡಿ ಏನೆಂದಿರಬೇಕು, ನೀವೇ ಹೇಳಿ ನೋಡೋಣ.