ಪಕ್ಕದ ಮನೆಯ ಬೇಲಿ

ವಕೀಲರ ಒಂದು ಪತ್ರಕ್ಕೆ ಇನ್ನೂರ ನಲವತ್ತು ಪೌಂಡ್. ಅಷ್ಟರಲ್ಲಿ ಲೆಸ್ಟರ್‌ನ ಅಂಗಡಿಯಲ್ಲಿ ಹತ್ತು ವರ್ಷಕ್ಕಾಗುವಷ್ಟು ಸಂಡಿಗೆ ಸಿಗುತ್ತದೆ. ಆದರೆ ನನ್ನ ಹೆಂಡತಿ ವಿಶಾಲಾಕ್ಷಿಗೆ ತಾನೇ ಇಟ್ಟು ಒಣಗಿಸಿದ ಸಂಡಿಗೆಯೇ ಆಗಬೇಕು. ನಮ್ಮ ಹಿತ್ತಲಿಗೆ ಬರುವ ಚೂರುಪಾರು ಬಿಸಿಲನ್ನೂ ಪಕ್ಕದ ಮನೆಯ ಮಿಸೆಸ್ ಹಾರ್ಗ್ರೀವ್ಸ್ ಅವರ ಎರಡಾಳೆತ್ತರದ ಹಸಿರು ಬೇಲಿ ತಡೆಯುತ್ತಿತ್ತು.

"ಅಲ್ರೀ, ಆರು ವರ್ಷ ಆಯ್ತು. ಬೇಲಿ ಸ್ವಲ್ಪ ಕತ್ತರಿಸಿ ಅಂತ ಆಯಮ್ಮನಿಗೆ ಹೇಳೋಕೆ ನಿಮಗೇನು ಕಷ್ಟ?"

"ಈ ದೇಶದಲ್ಲಿ ಹಾಗೆಲ್ಲ ಮುಖಕ್ಕೇ ಹೇಳಬಾರದು ಕಣೇ. ಅದಕ್ಕೇ ವಕೀಲರಿರೋದು."

ಪತ್ರ ಹೋಯಿತು. ವಾರದೊಳಗೆ ಆಕೆಯ ವಕೀಲರಿಂದ ಉತ್ತರ ಬಂತು. ವಿಶಾಲಾಕ್ಷಿ ಗಟ್ಟಿಯಾಗಿ ಓದಿದಳು: "ನಮ್ಮ ಕಕ್ಷಿದಾರರಿಗೂ ಆ ಬೇಲಿ ಇಷ್ಟವಿಲ್ಲ. ಆದರೆ ತಾವು ಆರು ವರ್ಷಗಳಿಂದ ದಿನಾ ಬೆಳಿಗ್ಗೆ ಅದನ್ನು ಹೊಗಳುತ್ತಿದ್ದುದರಿಂದ, ತಮಗೆ ಬೇಸರವಾದೀತೆಂದು ಕತ್ತರಿಸದೆ ಉಳಿಸಿಕೊಂಡಿದ್ದರು."

"ಹೊಗಳ್ತಿದ್ರಾ?"

"'ಬೇಲಿ ಎಷ್ಟು ಚೆನ್ನಾಗಿ ಎತ್ತರ ಬೆಳೆದಿದೆ' ಅಂತ ಸೂಕ್ಷ್ಮವಾಗಿ ಹೇಳ್ತಿದ್ದೆ ಕಣೇ."

ಮರುದಿನವೇ ಬೇಲಿ ಸೊಂಟದೆತ್ತರಕ್ಕೆ ಇಳಿಯಿತು. ನಮ್ಮ ಹಿತ್ತಲಿಗೆ ಬಿಸಿಲು ಬಂತು. ಮಿಸೆಸ್ ಹಾರ್ಗ್ರೀವ್ಸ್ ನನ್ನೊಡನೆ ಮಾತು ಬಿಟ್ಟರು.