ಹತ್ತು ನಿಮಿಷ ಮುಂದೆ

ಕರೆಂಟ್ ಬಂದು ಕಾರ್ಖಾನೆ ಗೇಟಿನ ಹೊಸ ಹಾಜರಿ ಯಂತ್ರ ಮತ್ತೆ ಶುರುವಾದಾಗ, ಅದರ ಪರದೆಯ ಮೇಲೆ ಒಂದು ಸಾಲು ಮೂಡಿತು: “ರೀ, ಕಾಫಿ ಆರ್ತಿದೆ!” ಸರದಿಯಲ್ಲಿ ನಿಂತ ಹೆಂಗಸರು ಕಿಸಕ್ಕೆಂದು ನಕ್ಕರು. ಕಾಲರ್ ಹೊಲಿಯುವವಳೊಬ್ಬಳು ಮಾತ್ರ ನಗಲಿಲ್ಲ. ಅದು ಅವಳದೇ ಮಾತು.

ಒಂಬತ್ತು ವರ್ಷ, ಪ್ರತಿ ಸಂಜೆ, ಅಡುಗೆಮನೆಯಿಂದ ಅವಳು ಹಾಗೆ ಕೂಗಿದ್ದಳು. ಗಂಡ ಹವ್ಯಾಸಕ್ಕೆಂದು ಸ್ವಂತದ್ದೊಂದು ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿದ್ದ. ಒಂದು ದಿನವೂ ಬಿಸಿ ಕಾಫಿಗೆ ಎದ್ದು ಬಂದವನಲ್ಲ. ಯಾರು ಬೇಕಾದರೂ ಪುಕ್ಕಟೆ ಬಳಸಲಿ ಎಂದು ಅದನ್ನು ಇಂಟರ್‌ನೆಟ್ಟಿಗೆ ಹಾಕುವಾಗ, ತಮಾಷೆಗೆ ಅವಳ ಕೂಗನ್ನೇ ಮೊದಲ ಸಾಲಾಗಿಸಿದ್ದ. ಈ ಹಾಜರಿ ಯಂತ್ರ ಮಾಡಿದವರು ಆ ಸಾಲನ್ನೂ ಅಳಿಸದೆ ಎಲ್ಲವನ್ನೂ ಹಾಗೇ ಎತ್ತಿಕೊಂಡಿದ್ದರು.

“ಆಫ್ ಆಗಿ ಆನ್ ಆದಾಗೆಲ್ಲ ಗಡಿಯಾರ ಹತ್ತು ನಿಮಿಷ ಮುಂದೆ ಹೋಗತ್ತಲ್ರೀ,” ಎಂದು ಅವಳೇ ಒಮ್ಮೆ ತೋರಿಸಿದ್ದಳು. “ಇದ್ರಲ್ಲಿ ಟೈಮ್ ಯಾರು ನೋಡ್ತಾರೆ? ಆಮೇಲೆ ಸರಿಮಾಡಿದ್ರಾಯ್ತು ಬಿಡೇ,” ಎಂದಿದ್ದ. ಅದು ಸರಿಯಾಗುವ ಮೊದಲೇ ಅವಳು ಆ ಮನೆ ಬಿಟ್ಟು ಬಂದಿದ್ದಳು.

ಅವಳ ಮುಂದಿದ್ದ ಗುಂಡಿ ಹೊಲಿಯುವ ಅಕ್ಕ ಯಂತ್ರಕ್ಕೆ ಬೆರಳೊತ್ತಿದಳು. ಅಕ್ಕನ ವಾಚಿನಲ್ಲಿ ಎಂಟೂ ಇಪ್ಪತ್ತೈದು. ಪರದೆಯಲ್ಲಿ ಎಂಟೂ ಮೂವತ್ತೈದು. ಕೆಳಗೆ ಕೆಂಪಕ್ಷರದಲ್ಲಿ ‘ತಡ, ಮೂರನೇ ಸಲ’.

“ನನ್ನ ವಾಚ್ ನೋಡಣ್ಣ!”

“ಎಂಟೂವರೆ ದಾಟಿ ಮೂರು ಸಲ ತಡ ಆದ್ರೆ ಕೆಲಸ ಇಲ್ಲ ಅಂತ ಗೊತ್ತಲ್ಲಮ್ಮ. ಮಶೀನ್ ಹೇಳಿದ್ಮೇಲೆ ಮುಗೀತು. ಮನೆಗೆ ಹೋಗಿ,” ಎಂದ ಕಾವಲುಗಾರ.

ಅಕ್ಕ ಯಂತ್ರಕ್ಕೊಂದು ಗುದ್ದಿ, ಹಿಂದೆ ತಿರುಗಿ ಗೊಳೋ ಎಂದು ಅತ್ತಳು. “ಇದನ್ನ ಮಾಡಿದವನ ಮನೆ ಹಾಳಾಗ!”

ಕಾಲರಿನವಳು ನೆಲ ನೋಡುತ್ತ ಹೇಳಿದಳು: “ಅದು ಯಾವತ್ತೋ ಆಗಿದೆ, ಬಿಡಕ್ಕ.”